ಟಿಂಕರ್ ನಿದ್ದೆ ಮಾಡುವ ಊರು

ಅಣ್ಣ ಬಡಿಯುತ್ತಾನೆ, ನಾನು ಬಳಿಯುತ್ತೇನೆ. ನಮ್ಮ ಕಸುಬನ್ನು ಇದಕ್ಕಿಂತ ಚಿಕ್ಕದಾಗಿ ಹೇಳಲು ನನಗೆ ಬರುವುದಿಲ್ಲ. ಎಲ್ಲಾದರೂ ಗುದ್ದಿಸಿಕೊಂಡ ಕಾರು ನಮ್ಮ ಶೆಡ್ಡಿಗೆ ಬರುತ್ತದೆ. ಅಣ್ಣ ಟಿಂಕರ್, ನೆಗ್ಗಿದ ತಗಡಿನ ಒಳಗೆ ಕಬ್ಬಿಣದ ಗಟ್ಟಿಯೊಂದನ್ನು ಒತ್ತಿ ಹಿಡಿದು, ಹೊರಗಿನಿಂದ ಸುತ್ತಿಗೆಯಲ್ಲಿ ಬಡಿದು ನೆಗ್ಗು ತೆಗೆಯುತ್ತಾನೆ. ನಾನು ಪೇಂಟರ್, ಉಳಿದ ತಗ್ಗುಗಳಿಗೆ ಪುಟ್ಟಿ ಮೆತ್ತಿ, ನೀರು ಹಾಕಿ ಉಜ್ಜಿ, ಬಣ್ಣ ಹೊಡೆದು, ಕಾರಿಗೆ ಏನೂ ಆಗಿಯೇ ಇರಲಿಲ್ಲ ಎಂಬಂತೆ ಮಾಡಿ ಕಳಿಸುತ್ತೇನೆ. ಶೆಡ್ಡಿನ ಹಿಂದಿನ ಬಾಗಿಲು ತೆರೆದರೆ ನಮ್ಮ ಅಡುಗೆಮನೆ. ಅತ್ತಿಗೆ ಅಲ್ಲಿಂದಲೇ ಟೀ ಕೊಡುತ್ತಾರೆ, ಬಣ್ಣದ ವಾಸನೆ ಅನ್ನಕ್ಕೆಲ್ಲ ಹತ್ತಿತು ಅಂತ ಅಲ್ಲಿಂದಲೇ ಬೈಯುತ್ತಾರೆ ಕೂಡ.

ಅಣ್ಣನ ಕೈ ಎಷ್ಟು ಒಳ್ಳೆಯದೋ ಬಾಯಿ ಅಷ್ಟು ಕೆಟ್ಟದ್ದು. ಗಿರಾಕಿ ಕಾರಿನಿಂದ ಇಳಿಯುವ ಮೊದಲೇ ಶುರು ಮಾಡುತ್ತಿದ್ದ. "ಏನ್ ಸಾರ್, ಕಣ್ಣು ಮನೇಲಿ ಬಿಟ್ಟು ಬಂದಿದ್ರಾ?" "ಮುಂದಿನ ಗಾಡಿಗೆ ಹಾಗೆ ಅಂಟ್ಕೊಂಡು ಹೋಗೋಕೆ ಅದೇನು ನಿಮ್ಮ ಮಾವನ ಮನೆ ಗಾಡೀನಾ?" ಒಮ್ಮೆ ಒಬ್ಬ ಹೆಡ್‌ಮಾಸ್ಟರು ಬಂಪರ್ ಕಳಚಿಕೊಂಡು ಬಂದರು. ಅವರನ್ನು ಬಿಸಿಲಲ್ಲೇ ನಿಲ್ಲಿಸಿಕೊಂಡು, ಮುಂದಿನ ಗಾಡಿಗೂ ನಮಗೂ ಎಷ್ಟು ಅಂತರ ಇರಬೇಕು ಎಂದು ಪಾಠ ಹೇಳಿದ. ಅವರು ತಲೆ ತಗ್ಗಿಸಿಕೊಂಡು ಕೇಳಿದರು. ಮುಂದಿನ ಸಲ ಗುದ್ದಿಸಿಕೊಂಡಾಗಲೂ ನಮ್ಮಲ್ಲಿಗೇ ಬಂದರು, ಅದು ಬೇರೆ ಮಾತು.

ಆ ಬೈಗುಳದ ಹಿಂದೆ ಇದ್ದದ್ದು ಹೆದರಿಕೆ. ಬೆಳಿಗ್ಗೆ ಶೆಡ್ಡಿನ ಬಾಗಿಲು ಎತ್ತಿದರೆ ಸಂಜೆಯವರೆಗೆ ಅವನ ಕಣ್ಣಿಗೆ ಬೀಳುತ್ತಿದ್ದದ್ದು ಪೆಟ್ಟು ತಿಂದ ಕಾರುಗಳು ಮಾತ್ರ. ನೆಟ್ಟಗಿರುವ ಕಾರು ನಮ್ಮಲ್ಲಿಗೆ ಯಾಕಾದರೂ ಬರುತ್ತದೆ? ಹಾಗಾಗಿ ಅವನ ಪ್ರಕಾರ ನಮ್ಮೂರಿನ ರಸ್ತೆಗೆ ಇಳಿದವರೆಲ್ಲ ಇವತ್ತಲ್ಲ ನಾಳೆ ಸಾಯುವವರೇ. ರಸ್ತೆಗಳೂ ಹಾಗೇ ಇದ್ದವು ಎನ್ನಿ. ಬಸ್ಸು, ಲಾರಿ, ಸೈಕಲ್ಲು, ತಳ್ಳುಗಾಡಿ ಎಲ್ಲವೂ ಒಂದರ ಬೆನ್ನಿಗೆ ಒಂದು. ಒಂದು ಸಿಗ್ನಲ್ ದಾಟುವುದರೊಳಗೆ ಮನುಷ್ಯ ತನ್ನ ಮದುವೆಯಿಂದ ಹಿಡಿದು ಇವತ್ತಿನವರೆಗಿನದನ್ನೆಲ್ಲ ನೆನಪು ಮಾಡಿಕೊಂಡು ಮುಗಿಸಬಹುದು.

ಅಣ್ಣನಿಗೆ ಒಬ್ಬಳೇ ಮಗಳು. ಹುಟ್ಟುವಾಗಲೇ ಸಣ್ಣಗೆ ಉದ್ದಕ್ಕೆ ಇದ್ದಳು, ನಿಂತಲ್ಲಿ ನಾಟಿಕೊಂಡು ನಿಲ್ಲುವ ಹಠ ಬೇರೆ. ನಾನು 'ಮೊಳೆ' ಎಂದು ಕರೆದೆ, ಅದೇ ಉಳಿಯಿತು. ಶೆಡ್ಡಿನಲ್ಲೇ ಬೆಳೆದ ಮಗು ಅದು. ಕಾರಿನಿಂದ ಬಿಚ್ಚಿಟ್ಟ ಸೀಟಿನ ಮೇಲೆ, ಅಷ್ಟು ಗದ್ದಲದ ನಡುವೆ, ಹಾಯಾಗಿ ಮಲಗುತ್ತಿತ್ತು. ಅಣ್ಣ ಬಡಿಯುವುದನ್ನು ನಿಲ್ಲಿಸಿದರೆ ಮಾತ್ರ ಎದ್ದು ಅಳುತ್ತಿತ್ತು. ದೊಡ್ಡವಳಾದ ಮೇಲೆ ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು. ಬಂದವರನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ, ಗಾಜು ಬದಲಿಸಿ ಬದಲಿಸಿ ಅಕ್ಷರ ಓದಿಸಿ, ಕನ್ನಡಕದ ನಂಬರು ಹೇಳುವ ಕೆಲಸ.

"ಅಪ್ಪನ ಗಿರಾಕಿಗಳನ್ನೆಲ್ಲ ಮೊದಲು ನನ್ನ ಹತ್ರ ಕಳಿಸ್ಬೇಕು ಚಿಕ್ಕಪ್ಪ. ಅರ್ಧ ಜನಕ್ಕೆ ಕಣ್ಣೇ ಕಾಣಲ್ಲ" ಎನ್ನುತ್ತಿದ್ದಳು.

"ಇನ್ನರ್ಧ ಜನಕ್ಕೆ?"

"ಕಾಣುತ್ತೆ, ಆದ್ರೆ ಫೋನ್ ನೋಡ್ತಿರ್ತಾರೆ."

ಅವಳ ಕಾರು ನಾವೇ ಮಾಡಿಕೊಟ್ಟದ್ದು. ಯಾರೋ ಹಿಂಭಾಗ ಜಜ್ಜಿಸಿಕೊಂಡು, ಬೇಡವೆಂದು ನಮ್ಮ ಶೆಡ್ಡಿನಲ್ಲೇ ಬಿಟ್ಟುಹೋದ ಪುಟ್ಟ ಕಾರು. ಅಣ್ಣ ಬಿಡುವಿನಲ್ಲೆಲ್ಲ ಅದರ ಹಿಂದೆ ಕೂತು ಡಿಕ್ಕಿ, ಹಿಂದಿನ ರೆಕ್ಕೆಗಳು, ಬಂಪರ್ ಎಲ್ಲವನ್ನೂ ಹೊಸದರ ಹಾಗೆ ಎಬ್ಬಿಸಿದ. ಯಾವ ಬಣ್ಣ ಬೇಕೆಂದು ನಾನು ಕೇಳಿದೆ. ನಿಂಬೆಹಣ್ಣಿನ ಹಳದಿ ಎಂದಳು. "ಊರಿಗೆಲ್ಲ ಕಾಣೋ ಹಾಗಿರ್ಲಿ, ಕಾಣಲಿಲ್ಲ ಅಂತ ಯಾರೂ ಬಂದು ಗುದ್ದಬಾರ್ದು" ಎಂದು ಅಣ್ಣ ಒಪ್ಪಿದ. ಆ ಬಣ್ಣ ಕಲಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಉಳಿದದ್ದನ್ನು ಡಬ್ಬಿಯಲ್ಲಿ ಮುಚ್ಚಿಟ್ಟೆ, ಮುಂದೆ ಬೇಕಾಗುತ್ತದೆ ಎಂದು.

ಬೇಕಾಗುತ್ತಲೇ ಇತ್ತು. ಊರಿಗೆಲ್ಲ ಕಂಡರೂ ಊರು ಬಂದು ಗುದ್ದುತ್ತಲೇ ಇತ್ತು. ಮೊದಲ ಸಲ ಬಸ್ಸೊಂದು ಹಿಂದಕ್ಕೆ ಬರುವಾಗ ಅವಳ ಬಾನೆಟ್ಟಿಗೆ ಮುತ್ತಿಟ್ಟಿತು. ಅಣ್ಣ ಬಣ್ಣದ ಸಾಮಾನು ತರಲು ಹೋಗಿದ್ದ. ಅವಳು ಓಡಿಬಂದು ನನ್ನ ತೋಳು ಹಿಡಿದಳು.

"ಚಿಕ್ಕಪ್ಪಾ, ಅಪ್ಪ ನೋಡೋಕ್ ಮುಂಚೆ ಇದನ್ನ ಮಾಯ ಮಾಡಿಬಿಡು. ನಿನ್ನ ಕಾಲಿಗೆ ಬೀಳ್ತೀನಿ."

"ಬಡೀದೆ ಬಳಿಯೋಕ್ಕಾಗುತ್ತೇನೇ? ನೆಗ್ಗಿನ ಮೇಲೆ ಬಣ್ಣ ಹೊಡೆದ್ರೆ ಹೊಳೆಯೋ ನೆಗ್ಗು ಆಗುತ್ತೆ ಅಷ್ಟೇ."

ಅಷ್ಟರಲ್ಲಿ ಅಣ್ಣ ಬಂದೇ ಬಿಟ್ಟ. ಅವತ್ತು ಅವಳಿಗೆ ಬಿದ್ದ ಬೈಗುಳ ರಸ್ತೆಯ ಆ ತುದಿಯ ಟೈರ್ ಅಂಗಡಿಯವನಿಗೂ ಕೇಳಿಸಿತಂತೆ. ಅವಳು ಅತ್ತಿಗೆಯ ಹಿಂದೆ ನಿಂತು ನನಗೆ ಕಣ್ಣು ಹೊಡೆದಳು. ಅಪ್ಪ ಬೈದರೆ ಅವಳಿಗೆ ಅದು ಟೀ ಕುಡಿದಷ್ಟೇ ಸಹಜ. ಎರಡನೇ ಸಲವೂ ಹೀಗೇ ಆಯಿತು. ಮೂರನೇ ಸಲ ಸಾಮಾನು ಸಾಗಿಸುವ ವ್ಯಾನೊಂದು ಪಕ್ಕದಿಂದ ಒತ್ತಿ ಅವಳ ಕಡೆಯ ಬಾಗಿಲು ಒಳಕ್ಕೆ ಹೋಗಿತ್ತು. ಎರಡೂ ಗಾಡಿಗಳು ತೆವಳುತ್ತಿದ್ದವು, ಅವಳಿಗೆ ಒಂದು ಗೀರೂ ಆಗಿರಲಿಲ್ಲ. ಆದರೆ ಅಣ್ಣ ಬಾಗಿಲನ್ನು ಮುಟ್ಟಿ ನೋಡಿದ, ಅದರ ಹಿಂದಿನ ಸೀಟನ್ನು ನೋಡಿದ, ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತುಬಿಟ್ಟ. ಅವನು ಬೈಯದೇ ಇದ್ದದ್ದಕ್ಕೆ ನಮಗೆಲ್ಲ ಭಯವಾಯಿತು.

ಅದೇ ಸಮಯಕ್ಕೆ ಅವಳ ಆಸ್ಪತ್ರೆಯವರು ಇನ್ನೊಂದು ಊರಿನಲ್ಲಿ ಹೊಸ ಶಾಖೆ ತೆರೆದರು. ಹೋಗಲು ಇಷ್ಟವಿರುವವರು ಹೇಳಬಹುದು ಎಂದಿದ್ದರು. ಅವಳಿಗೆ ಇಷ್ಟವಿರಲಿಲ್ಲ. ಸುಮ್ಮನೆ ಊಟದ ಹೊತ್ತಿಗೆ ಸುದ್ದಿ ಹೇಳಿದಳು ಅಷ್ಟೇ. ಅಣ್ಣ ತಟ್ಟೆಯಿಂದ ಕೈ ತೆಗೆದ.

"ಅಗಲ ರಸ್ತೆ ಇರೋ ಊರಲ್ವಾ ಅದು? ಜನಾನೂ ಕಡಿಮೆ?"

"ಹೂಂ. ಬೇಜಾರಿನ ಊರು. ಸಂಜೆ ಆದ್ರೆ ರಸ್ತೇಲಿ ನಾಯೀನೂ ಇರಲ್ಲ ಅಂತಾರೆ."

"ಅಂಥ ಊರೇ ಬೇಕು."

"ಅಪ್ಪಾ, ಇಲ್ಲಿ ನನ್ನ ಕಾರನ್ನ ನಡ್ಕೊಂಡು ಹೋಗೋರು ಓವರ್‌ಟೇಕ್ ಮಾಡ್ತಾರೆ. ಇದರಲ್ಲಿ ಸಾಯೋದಾದ್ರೆ ವಯಸ್ಸಾಗಿ ಸಾಯ್ಬೇಕು."

ನಾನು ನಕ್ಕೆ. ಅತ್ತಿಗೆ ನಗಲಿಲ್ಲ, ಮಗಳು ಮನೆ ಬಿಡುವ ಮಾತು ಅವರಿಗೆ ಹಿಡಿಸಲಿಲ್ಲ. "ಇರೋಳೊಬ್ಬಳು. ಕಣ್ಣೆದುರಿಗೆ ಇರ್ಲಿ. ಕಾರು ನೆಗ್ಗಿದ್ರೆ ನೀವಿದ್ದೀರಲ್ಲ ಬಡಿಯೋಕೆ" ಎಂದರು. ಅಣ್ಣ ಪೇಪರ್ ತಂದು ಅವರ ಮುಂದೆ ಹಿಡಿದ. ಊರೂರಿನ ಅಪಘಾತಗಳ ಲೆಕ್ಕ ಹಾಕಿದ್ದರು, ನಮ್ಮೂರು ಎಲ್ಲಕ್ಕಿಂತ ಮೇಲಿತ್ತು, ಆ ಊರು ಎಲ್ಲೋ ಕೆಳಗೆ. ಪೇಪರಿನವರು ಎಣಿಸಿದ್ದು ಗುದ್ದಿದವರನ್ನು. ಸತ್ತವರ ಲೆಕ್ಕ ಆ ಪುಟದಲ್ಲಿ ಇರಲಿಲ್ಲ, ನಾವೂ ಹುಡುಕಲಿಲ್ಲ. ಆದರೂ ಅಣ್ಣನಿಗೆ ಪೇಪರಿನ ಮೇಲೆ ಪೂರ್ತಿ ನಂಬಿಕೆ ಇಲ್ಲ. ತಾನೇ ಹೋಗಿ ನೋಡಿ ಬರುತ್ತೇನೆ ಎಂದ. ನನ್ನನ್ನೂ ಎಳೆದುಕೊಂಡು ಹೋದ.

ಮಗಳು ಇರಬೇಕಾದ ಊರು ಹೇಗಿದೆ ಎಂದು ನೋಡಲು ಹೋದವರು ಏನು ನೋಡುತ್ತಾರೆ? ಮನೆ, ನೀರು, ನೆರೆಹೊರೆ. ಅಣ್ಣ ಅದ್ಯಾವುದನ್ನೂ ನೋಡಲಿಲ್ಲ. ಬಸ್ಸಿಳಿದವನೇ, "ಇಲ್ಲಿ ಟಿಂಕರಿಂಗ್ ಶೆಡ್ಡು ಎಲ್ಲಿದೆ?" ಎಂದು ಕೇಳಿದ. ಟಿಂಕರ್ ಊರನ್ನು ಅಳೆಯುವುದು ಇನ್ನೊಬ್ಬ ಟಿಂಕರನ ಶೆಡ್ಡಿನಲ್ಲಿ ನಿಂತಿರುವ ಕಾರುಗಳಿಂದ. ಜನ ಒಂದಷ್ಟು ಯೋಚಿಸಿ, ಆ ಕಡೆ ಒಂದಿರಬೇಕು ಎಂದು ಕೈ ತೋರಿಸಿದರು. ಹುಡುಕಿಕೊಂಡು ಹೋದೆವು. ದೊಡ್ಡ ಶೆಡ್ಡು, ಒಳಗೆ ಒಂದೇ ಒಂದು ಕಾರು, ಅದಕ್ಕೂ ಕನ್ನಡಿ ಮುರಿದದ್ದು ಮಾತ್ರ. ಆ ಊರಿನ ಟಿಂಕರ್ ಬಿಚ್ಚಿಟ್ಟ ಸೀಟಿನ ಮೇಲೆ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ. ಅವನ ಸುತ್ತಿಗೆಯ ಹಿಡಿಗೆ ಧೂಳು ಕೂತಿತ್ತು.

ಅಣ್ಣ ಅವನನ್ನು ಎಬ್ಬಿಸಲಿಲ್ಲ. ಮಲಗಿರುವ ಮಗುವನ್ನು ನೋಡುವಂತೆ ನೋಡುತ್ತಾ ನಿಂತ. ಕೊನೆಗೆ ಅವನೇ ಎದ್ದು ಬಾಯಿ ಒರೆಸಿಕೊಂಡ. "ಕೆಲಸ ಕೇಳ್ಕೊಂಡು ಬಂದ್ರಾ? ಇಲ್ಲಿ ಕೆಲಸ ಇಲ್ಲಪ್ಪ. ಈ ಊರಲ್ಲಿ ಯಾರೂ ಗುದ್ದೋದೇ ಇಲ್ಲ" ಎಂದ. ಅಣ್ಣ ಅವನ ಎರಡೂ ಕೈ ಹಿಡಿದುಕೊಂಡು ಕುಲುಕಿದ. ಪಾಪ ಅವನಿಗೆ ತಲೆಬುಡ ಅರ್ಥವಾಗಲಿಲ್ಲ.

"ನೋಡಿದ್ಯೇನೋ? ಟಿಂಕರ್ ನಿದ್ದೆ ಮಾಡೋ ಊರು!" ವಾಪಸ್ ಬರುವಾಗ ಬಸ್ಸಿನುದ್ದಕ್ಕೂ ಅದೇ ಮಾತು. ನನಗೂ ಸರಿ ಎನ್ನಿಸಿತು. ಕಿಟಕಿಯ ಹೊರಗೆ ರಸ್ತೆ ಅಗಲವಾಗಿ, ನೆಟ್ಟಗೆ, ಖಾಲಿ ಬಿದ್ದಿತ್ತು. ಮನೆಗೆ ಬಂದು ಅದನ್ನೇ ಅತ್ತಿಗೆಗೆ ಹೇಳಿದ. ಮೊಳೆಗೆ ಹೇಳಿದ. ಅವಳು ಒಂದಷ್ಟು ದಿನ ನಾಟಿಕೊಂಡು ನಿಂತಳು. ಆಮೇಲೆ ಒಂದು ಸಂಜೆ ನಾನು ಬಣ್ಣ ಕಲಸುತ್ತಿದ್ದಾಗ ಬಂದು ಪಕ್ಕದಲ್ಲಿ ಕುಕ್ಕರಿಸಿದಳು.

"ಹೋಗ್ತೀನಿ ಚಿಕ್ಕಪ್ಪ. ಅಪ್ಪ ನಾನು ಮನೆಗೆ ಬರೋವರೆಗೂ ಗೇಟ್ ಹತ್ರಾನೇ ನಿಂತಿರ್ತಾನೆ. ಬಿ.ಪಿ. ಬಂದು ಅವನೇ ಹೋಗ್ತಾನೆ ಅಷ್ಟೇ."

ಅವಳು ಹೋದದ್ದು ತನಗಾಗಿ ಅಲ್ಲ, ಅಪ್ಪನ ಎದೆ ತಣ್ಣಗಿರಲಿ ಎಂದು. ಅಣ್ಣ ಕಾರಿನ ಬ್ರೇಕು, ಟೈರು, ದೀಪ, ಬೆಲ್ಟು ಎಲ್ಲವನ್ನೂ ಎಳೆದು, ಒತ್ತಿ, ಜಗ್ಗಿ ನೋಡಿ ಕಳಿಸಿದ. ಅತ್ತಿಗೆ ಕಿಟಕಿಯೊಳಗೆ ತಲೆ ಹಾಕಿ ಒಂದೇ ಮಾತು ಹೇಳಿದರು, "ನಿಧಾನಕ್ಕೆ ಹೋಗು ಕಣೇ."

ಅಲ್ಲಿಂದ ಅವಳ ಫೋನು ಬರುತ್ತಿತ್ತು. ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅಣ್ಣ ಮೊದಲು ಕೇಳುತ್ತಿದ್ದದ್ದೇ ಅದು. ಒಮ್ಮೆ ಅವಳು ಕೂಗಿಕೊಂಡೇ ಹೇಳಿದಳು, ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು.

"ಅಪ್ಪಾ, ನನ್ನ ಕಾರಿಗೆ ಐದನೇ ಗೇರ್ ಇದೆ ಅಂತ ಈ ಊರಿಗೆ ಬಂದ್ಮೇಲೆ ಗೊತ್ತಾಯ್ತು!"

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಮಾತನ್ನು ಗಿರಾಕಿಗಳಿಗೆಲ್ಲ ಹೇಳಿದ. ನಮ್ಮೂರಿನಲ್ಲಿ ಅವಳು ಮೂರನೇ ಗೇರಿಗಿಂತ ಮೇಲೆ ಹೋದದ್ದೇ ಅಪರೂಪ. ಈಗ ಆ ಮಾತನ್ನು ನಮ್ಮ ಶೆಡ್ಡಿನಲ್ಲಿ ಯಾರೂ ಎತ್ತುವುದಿಲ್ಲ.

ಅದು ಆದದ್ದು ಒಂದು ಸಂಜೆ. ಇನ್ನೂ ಬೆಳಕಿತ್ತು, ರಸ್ತೆ ಒಣಗಿತ್ತು. ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದಳು. ಪಕ್ಕದ ಮಣ್ಣು ದಾರಿಯಿಂದ ಲಾರಿಯೊಂದು ನೋಡದೆ ಅಡ್ಡ ಬಂದಿತು. ಅಷ್ಟೇ. ನಾವು ಹೋಗುವಷ್ಟರಲ್ಲಿ ಅವಳು ಇರಲಿಲ್ಲ. ಇದನ್ನು ಇದಕ್ಕಿಂತ ಉದ್ದ ಹೇಳಲು ನನ್ನಿಂದಾಗದು.

ಸ್ಟೇಷನ್ನಿನ ಪೇದೆ ಒಳ್ಳೆಯವನು. ನಮ್ಮನ್ನು ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟ. "ಬೆಲ್ಟ್ ಹಾಕಿದ್ರು. ತಪ್ಪು ಅವರದ್ದೇನಿಲ್ಲ. ಬೋರ್ಡಲ್ಲಿ ಬರೆದಷ್ಟೇ ಸ್ಪೀಡಲ್ಲಿ ಇದ್ರು. ಆದ್ರೆ ಆ ಸ್ಪೀಡಲ್ಲಿ ಅಡ್ಡ ಬಂದ್ರೆ ಯಾರೇನು ಮಾಡೋಕ್ಕಾಗುತ್ತೆ?" ಎಂದ. ಅಣ್ಣನಿಗೆ ಅದು ಕೇಳಿಸಿತೋ ಇಲ್ಲವೋ. ನಾನು ಗಾಳಿಗೆಂದು ಹೊರಗೆ ಬಂದೆ. ಸ್ಟೇಷನ್ನಿನ ಹಿಂದೆ ಗುಜರಿಯವನ ಬಯಲು ಇತ್ತು, ತಂತಿ ಬೇಲಿ ಹಾಕಿದ್ದು. ತಂತಿ ಹಿಡಿದುಕೊಂಡು ಬೇಲಿಯೊಳಗೆ ನೋಡಿದೆ. ಕಾರುಗಳು, ಸಾಲು ಸಾಲು ಕಾರುಗಳು. ನಾವು ಶೆಡ್ಡಿನಲ್ಲಿ ಕಾಣುವಂಥವಲ್ಲ. ಎಂಜಿನ್ ಸೀಟಿನವರೆಗೆ ಬಂದವು, ಚಾವಣಿ ಹಾರಿಹೋದವು, ಯಾವುದು ಮುಂದು ಯಾವುದು ಹಿಂದು ಎಂದೇ ತಿಳಿಯದವು.

ನಿಂತಲ್ಲೇ ನನಗೆ ಅರ್ಥವಾಯಿತು. ಆ ಟಿಂಕರ್ ನಿದ್ದೆ ಮಾಡುತ್ತಿದ್ದದ್ದು ಯಾಕೆ ಎಂದು ಅರ್ಥವಾಯಿತು. ಆ ಊರಿನಲ್ಲಿ ಗುದ್ದುವವರು ಕಡಿಮೆ, ನಿಜ. ಆದರೆ ಗುದ್ದಿದರೆ ಟಿಂಕರನಿಗೆ ಬಡಿಯಲು ಏನೂ ಉಳಿಯುತ್ತಿರಲಿಲ್ಲ. ನಮ್ಮೂರಿನಲ್ಲಿ ಯಾವ ಗಾಡಿಗೂ ಓಡಲು ಜಾಗವಿಲ್ಲ. ಬಂಪರಿಗೆ ಬಂಪರ್ ತಾಗುತ್ತದೆ, ಇಬ್ಬರೂ ಇಳಿದು ಜಗಳವಾಡುತ್ತಾರೆ, ಮನೆಗೆ ಹೋಗಿ ಊಟ ಮಾಡುತ್ತಾರೆ. ಇಲ್ಲಿ ರಸ್ತೆ ಖಾಲಿ, ವೇಗ ಜಾಸ್ತಿ, ಇಳಿದು ಜಗಳವಾಡಲು ಯಾರೂ ಇರುವುದಿಲ್ಲ.

ಆಗ ನನಗೆ ಹೊಳೆದದ್ದು ಒಂದೇ. ಈ ಬಯಲನ್ನು ಅಣ್ಣ ನೋಡಬಾರದು. ಮಗಳು ಹೋದಳು ಎಂಬುದನ್ನು ಅವನು ಹೇಗೋ ತಡೆದುಕೊಂಡಾನು. ತಾನು ಕಳಿಸಿದ್ದು ಎಂಥ ಜಾಗಕ್ಕೆ, ತನ್ನ ಲೆಕ್ಕ ತಪ್ಪಿದ್ದು ಎಲ್ಲಿ ಎಂಬುದು ಗೊತ್ತಾದರೆ ತಡೆದುಕೊಳ್ಳಲಾರ. ಅವತ್ತು ಅವನನ್ನು ಮುಂಬಾಗಿಲಿನಿಂದಲೇ ಕರೆದುಕೊಂಡು ಹೋದೆ.

ಮನೆಗೆ ಮಾತಾಡಿಸಲು ಬಂದವರು ಸುಮ್ಮನಿದ್ದರೆ ಸಾಕಿತ್ತು. "ಅಷ್ಟು ಸೇಫ್ ಊರಲ್ಲಿ ಹೀಗಾಯ್ತಲ್ಲ" ಎಂದು ಎಲ್ಲರೂ ಒಂದೇ ರಾಗ ಹಾಡಿದರು. ಅಣ್ಣ ತಲೆಯಾಡಿಸುತ್ತಿದ್ದ. "ಅವಳ ಹಣೆಬರಹ. ಇಲ್ಲಿದ್ದಿದ್ರೆ ಇನ್ನೂ ಮುಂಚೇನೇ ಆಗ್ತಿತ್ತೇನೋ" ಎನ್ನುತ್ತಿದ್ದ. ಆ ಮಾತು ಕೇಳಿದಾಗಲೆಲ್ಲ ನನಗೆ ಅಳು ಉಕ್ಕಿ ಬರುತ್ತಿತ್ತು, ಆದರೆ ಅದೇ ಮಾತು ಅವನನ್ನು ಹಿಡಿದು ನಿಲ್ಲಿಸಿತ್ತು. ನಾನಂತೂ ಬಾಯಿಗೆ ಬೀಗ ಹಾಕಿಕೊಂಡೆ.

ಕಾರು ಅಣ್ಣನ ಹೆಸರಿನಲ್ಲಿತ್ತು. ಗುಜರಿಗೆ ಬಿಟ್ಟುಕೊಡಲು ಸಹಿ ಬೇಕು ಎಂದು ಅಲ್ಲಿಂದ ಕರೆ ಬಂತು. "ಕಾಗದ ಇಲ್ಲಿಗೇ ತರ್ತೀನಿ, ನೀನು ಬರ್ಬೇಡ ಅಣ್ಣ" ಎಂದೆ.

"ನಾನೇ ಬರ್ತೀನಿ."

"ನೋಡೋ ಹಾಗಿಲ್ಲ ಅಣ್ಣ, ನನ್ನ ಮಾತು ಕೇಳು."

"ಲೋ, ಆ ಕಾರಿನ ಒಂದೊಂದು ತಗಡೂ ನನ್ನ ಕೈಯಲ್ಲಿ ಎದ್ದಿದ್ದು. ಅದನ್ನ ಯಾರೋ ಸುಲಿಯೋಕ್ ಮುಂಚೆ ನಾನು ಒಂದ್ಸಲ ನೋಡ್ಬೇಕು. ನೀನು ಅಡ್ಡ ಬಂದ್ರೆ ಸರಿ ಇರಲ್ಲ."

ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೋದೆವು.

ಗುಜರಿಯವನು ದಾರಿ ತೋರಿಸಿದ. ನಿಂಬೆ ಹಳದಿ ದೂರದಿಂದಲೇ ಕಂಡಿತು. ಹಿಂಭಾಗ, ಅಣ್ಣ ಕೂತು ಕೂತು ಎಬ್ಬಿಸಿದ್ದ ಆ ಹಿಂಭಾಗ, ಒಂದು ಗೀರೂ ಇಲ್ಲದೆ ಹಾಗೇ ಹೊಳೆಯುತ್ತಿತ್ತು. ಮುಂದೆ ಏನೂ ಇರಲಿಲ್ಲ. ಅಣ್ಣ ಬಗ್ಗಿ ಉಳಿದ ತಗಡಿನ ಮೇಲೆ ಅಂಗೈ ಆಡಿಸಿದ. ತಗಡನ್ನು ಓದುವುದು ಅವನ ಕಸುಬು. "ಎಡಕ್ಕೆ ತಿರುಗಿಸಿದ್ದಾಳೆ ನೋಡು" ಎಂದ. "ಬ್ರೇಕೂ ಹಾಕಿದ್ದಾಳೆ. ಎಲ್ಲ ಸರಿಯಾಗೇ ಮಾಡಿದ್ದಾಳೆ ನನ್ನ ಮಗಳು." ಆಮೇಲೆ ಡಿಕ್ಕಿಯ ಮೇಲೆ ಹಣೆಯಿಟ್ಟು, ಶೆಡ್ಡಿನಲ್ಲಿ ಬೈಯುತ್ತಿದ್ದನಲ್ಲ, ಅಷ್ಟೇ ಗಟ್ಟಿಯಾಗಿ ಅತ್ತ. ನಾನು ಅವನ ಬೆನ್ನು ಹಿಡಿದುಕೊಂಡು ನಿಂತೆ.

ಕಣ್ಣೊರೆಸಿಕೊಂಡು ತಲೆ ಎತ್ತಿದವನು ಪಕ್ಕದ ಕಾರನ್ನು ನೋಡಿದ. ಅದರ ಪಕ್ಕದ್ದನ್ನು ನೋಡಿದ.

"ಸಹಿ ಹಾಕು ಅಣ್ಣ, ಹೋಗೋಣ. ಬಸ್ಸಿಗೆ ಹೊತ್ತಾಗುತ್ತೆ" ಎಂದೆ.

"ಇವೆಲ್ಲ ಎಲ್ಲಿಯವು?" ಅವನು ಕೇಳಿದ್ದು ಗುಜರಿಯವನನ್ನು.

"ಇಲ್ಲಿಯವೇ ಯಜಮಾನ್ರೇ. ಈ ರಸ್ತೇವು."

"ಶೆಡ್ಡಿಗೆ ಯಾಕೆ ಹೋಗಿಲ್ಲ?"

"ಶೆಡ್ಡಿಗೆ ಹೋಗೋಕೆ ಏನು ಉಳಿದಿದೆ, ನೀವೇ ಹೇಳಿ. ಈ ಊರಲ್ಲಿ ಗುದ್ದಿದ್ದೆಲ್ಲ ಸೀದಾ ನನ್ನ ಹತ್ರಾನೇ ಬರೋದು."

ಅಣ್ಣ ಆ ಸಾಲಿನ ಉದ್ದಕ್ಕೂ ನಡೆದ. ಒಂದೊಂದು ಕಾರಿನ ಮೇಲೂ ಕೈಯಿಟ್ಟು ಮುಂದೆ ಹೋದ. ಒಂದರಲ್ಲಿ ಮಗುವಿನ ಚಪ್ಪಲಿ ಇತ್ತು, ಅಲ್ಲಿ ಸ್ವಲ್ಪ ಹೊತ್ತು ನಿಂತ. ಬೇಲಿಯ ಕೊನೆ ಮುಟ್ಟಿ ತಿರುಗಿ ಬರುವಷ್ಟರಲ್ಲಿ ಅವನಿಗೆ ವಯಸ್ಸಾಗಿತ್ತು. ಗುಜರಿಯವನು ಕೊಟ್ಟ ಪೆನ್ನನ್ನು ತೆಗೆದುಕೊಳ್ಳಲಿಲ್ಲ. ನನ್ನ ಮುಖ ನೋಡಿದ.

"ನಿನಗೆ ಗೊತ್ತಿತ್ತಾ?"

"ಅವತ್ತೇ ನೋಡಿದೆ ಅಣ್ಣ."

"ನಾನು ಇಷ್ಟು ವರ್ಷ ನೋಡಿದ್ದು ವಾಪಸ್ ಬಂದವರ ಕಾರು ಕಣೋ" ಎಂದ. "ಬರೀ ವಾಪಸ್ ಬಂದವರದ್ದು. ಅದನ್ನ ನೋಡಿ ಹೆದರಿಕೊಂಡೆ. ಹೆದರಿಕೊಂಡು ಇಲ್ಲಿಗೆ ಕಳಿಸಿದೆ."

ಇಲ್ಲ ಎಂದರೆ ಸುಳ್ಳು, ಹೌದು ಎಂದರೆ ಕೊಲೆ. ಅವನ ಕೈಗೆ ಪೆನ್ನು ಕೊಟ್ಟು, ಕೈ ಹಿಡಿದು ಸಹಿ ಹಾಕಿಸಿದೆ.

ಮನೆಗೆ ಬಂದು ಅತ್ತಿಗೆಯ ಮುಂದೆ ಕೂತು ಅವನೇ ಎಲ್ಲವನ್ನೂ ಹೇಳಿದ. ಅತ್ತಿಗೆ ಪೂರ್ತಿ ಕೇಳಿಸಿಕೊಂಡರು. "ಅವಳು ಉಳೀಲಿ ಅಂತಾನೇ ಕಳಿಸಿದ್ರಿ. ಅದು ನನಗೆ ಗೊತ್ತು" ಎಂದರು. "ಆದ್ರೆ ಒಂದಷ್ಟು ದಿನ ನನ್ನ ಜೊತೆ ಮಾತಾಡ್ಬೇಡಿ" ಎಂದು ಎದ್ದು ಒಳಗೆ ಹೋದರು.

ಅಂದಿನಿಂದ ಅಣ್ಣ ಸುತ್ತಿಗೆ ಮುಟ್ಟಲಿಲ್ಲ. ಬೆಳಿಗ್ಗೆ ಬಂದು ಸ್ಟೂಲಿನ ಮೇಲೆ ಕೂರುವುದು, ಸಂಜೆ ಎದ್ದು ಹೋಗುವುದು. ಬಂದ ಕಾರುಗಳನ್ನು ನಾನು ಬೇರೆ ಟಿಂಕರನ ಹತ್ತಿರ ಬಡಿಯಿಸಿಕೊಂಡು ಬಂದು ಬಳಿದು ಕಳಿಸುತ್ತಿದ್ದೆ. ಹೆಡ್‌ಮಾಸ್ಟರು ಮತ್ತೆ ಗುದ್ದಿಸಿಕೊಂಡು ಬಂದರು. ಬೈಸಿಕೊಳ್ಳಲು ಸಿದ್ಧರಾಗಿ ಅಣ್ಣನ ಮುಂದೆ ನಿಂತರು. ಅವನು ಮುಖ ಎತ್ತಲಿಲ್ಲ. ಅವರು ಕಣ್ಣು ಒರೆಸಿಕೊಳ್ಳುತ್ತಾ ಹೋದರು. ಶೆಡ್ಡಿನ ಆ ಮೌನಕ್ಕೆ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಬಡಿತ ನಿಂತರೆ ಎದ್ದು ಅಳುತ್ತಿದ್ದ ಮಗು ನೆನಪಾಗಿ, ಬಣ್ಣ ಕಲಸುವುದನ್ನು ಬಿಟ್ಟು ಆ ಹಳೆಯ ಸೀಟಿನ ಕಡೆಗೇ ನೋಡುತ್ತಿದ್ದೆ. ಹೀಗೇ ಹೋದರೆ ಅಣ್ಣನೂ ಉಳಿಯುವುದಿಲ್ಲ ಎಂದು ಖಾತ್ರಿಯಾಗಿತ್ತು.

ಒಂದು ಮಧ್ಯಾಹ್ನ ಶೆಡ್ಡಿನ ಬಾಗಿಲಿಗೆ ಬಿಳಿ ಕಾರೊಂದು ಬಂದು ನಿಂತಿತು. ಮುಂದಿನ ಬಂಪರ್ ಜೋತುಬಿದ್ದಿತ್ತು, ಒಂದು ದೀಪ ಒಡೆದಿತ್ತು. ಇಳಿದವಳು ಒಬ್ಬ ಹುಡುಗಿ, ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ ವಯಸ್ಸು. ಅತ್ತು ಮೂಗು ಕೆಂಪಾಗಿತ್ತು. ನೇರ ನನ್ನ ಬಳಿ ಬಂದಳು.

"ಅಂಕಲ್, ಸಂಜೆಯೊಳಗೆ ಸರಿ ಮಾಡಿಕೊಡ್ತೀರಾ? ಅಪ್ಪನ ಕಾರು. ಅವರು ನೋಡೋಕ್ ಮುಂಚೆ ಆಗ್ಬೇಕು. ಎಷ್ಟಾದ್ರೂ ಕೊಡ್ತೀನಿ."

ಆಗುವುದಿಲ್ಲಮ್ಮ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದೆ ಸ್ಟೂಲು ಸರಿದ ಸದ್ದಾಯಿತು. ಅಣ್ಣ ಎದ್ದು ಬಂದಿದ್ದ. ಕಾರನ್ನು ನೋಡಲಿಲ್ಲ, ಅವಳನ್ನು ನೋಡಿದ.

"ನೀನೇ ಓಡಿಸ್ಕೊಂಡು ಬಂದ್ಯಾ?"

"ಹೂಂ."

"ಎಲ್ಲೂ ನೋವಿಲ್ವಾ? ಕುತ್ತಿಗೆ? ಎದೆ?"

"ಇಲ್ಲ ಅಂಕಲ್. ಮುಂದಿನ ಕಾರು ಸಡನ್ನಾಗಿ ನಿಂತುಬಿಡ್ತು. ನಿಧಾನಕ್ಕೇ ಹೋಗ್ತಿದ್ದೆ, ದೇವರಾಣೆ."

"ಆ ಕಾರಿನವರಿಗೆ?"

"ಏನೂ ಆಗಿಲ್ಲ. ಇಳಿದು ಬಾಯಿಗೆ ಬಂದ ಹಾಗೆ ಬೈದು ಹೋದ್ರು."

ಅಣ್ಣ ಕುಕ್ಕರಿಸಿ ಕೂತು ಆ ನೆಗ್ಗಿನ ಮೇಲೆ ಅಂಗೈ ಇಟ್ಟ. ಜ್ವರ ನೋಡುವವರಂತೆ ಕೈಯನ್ನು ಅಲ್ಲೇ ಇಟ್ಟುಕೊಂಡಿದ್ದ. ಆಮೇಲೆ ಎದ್ದು, ಜೋತುಬಿದ್ದ ಬಂಪರನ್ನು ಬೀಳದಂತೆ ತಂತಿಯಿಂದ ಬಿಗಿಯಾಗಿ ಕಟ್ಟಿದ. ಒಳ್ಳೆಯ ಕಡೆಯ ದೀಪ ಉರಿಯುತ್ತದೆಯೇ ಎಂದು ಹಚ್ಚಿಸಿ ನೋಡಿದ.

"ಇವತ್ತು ಮಾಡಲ್ಲ" ಎಂದ. "ಹೀಗೇ ಮನೆಗೆ ತಗೊಂಡು ಹೋಗು. ನಿಮ್ಮಪ್ಪನಿಗೆ ತೋರ್ಸು. ಕಾರಿನ ಪಕ್ಕದಲ್ಲೇ ನಿಂತ್ಕೊಂಡು ತೋರ್ಸು. ನಾಳೆ ಇಬ್ಬರೂ ಬನ್ನಿ, ಮಾಡಿಕೊಡ್ತೀನಿ."

ಹುಡುಗಿಗೆ ಮತ್ತೆ ಅಳು ಬಂತು. "ಅಂಕಲ್, ಪ್ಲೀಸ್. ತುಂಬಾ ಬೈಯ್ತಾರೆ."

"ಬೈಯ್ಲಿ" ಎಂದ ಅಣ್ಣ. "ಬೈಸ್ಕೊಳ್ಳೋಕೆ ನೀನಿದ್ದೀಯಲ್ಲಮ್ಮ."

ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ಬಂದು ನಿಂತದ್ದನ್ನು ನಾನು ಆಗ ನೋಡಿದೆ. ಹುಡುಗಿಗೆ ಟೀ ಕೊಟ್ಟರು. ಹೊರಡುವಾಗ ಕಿಟಕಿಯ ಹತ್ತಿರ ಹೋಗಿ, "ನಿಧಾನಕ್ಕೆ ಹೋಗಮ್ಮ" ಎಂದರು. ಕಾರು ಹೋದ ಮೇಲೆ, ಸೆರಗಿನಿಂದ ಮುಖ ಒರೆಸಿಕೊಂಡು, "ನಿಮಗೂ ಟೀ ಹಾಕ್ಲಾ?" ಎಂದು ಅಣ್ಣನನ್ನು ಕೇಳಿದರು. ಅಷ್ಟು ದಿನಕ್ಕೆ ಅದೇ ಮೊದಲ ಮಾತು.

ಮಾರನೆಯ ದಿನ ಬೆಳಿಗ್ಗೆ ಅವರಿಬ್ಬರೂ ಬಂದರು. ಕಾರು ನಿಲ್ಲುವ ಮೊದಲೇ ಅವಳ ಅಪ್ಪನ ಧ್ವನಿ ಕೇಳಿಸುತ್ತಿತ್ತು. ಇಳಿದ ಮೇಲೂ ನಿಲ್ಲಲಿಲ್ಲ. ಕಣ್ಣೆಲ್ಲಿತ್ತು, ಬುದ್ಧಿಯೆಲ್ಲಿತ್ತು, ಕಾರು ಏನು ಆಟದ ಸಾಮಾನಾ, ಇನ್ನು ಮೇಲೆ ಕೀಲಿ ಮುಟ್ಟಿದರೆ ನೋಡು. ಹುಡುಗಿ ಕಾರಿನ ಪಕ್ಕದಲ್ಲಿ ನೆಲ ನೋಡುತ್ತಾ ನಿಂತು, ಅಪ್ಪನಿಗೆ ಕಾಣದಂತೆ ನನ್ನ ಕಡೆ ತಿರುಗಿ ಮುಖ ಸೊಟ್ಟ ಮಾಡಿದಳು. ಅಣ್ಣ ಸುತ್ತಿಗೆ ಎತ್ತಿಕೊಂಡಿದ್ದ. ಅದನ್ನು ಮೆಲ್ಲಗೆ ನೆಲದ ಮೇಲಿಟ್ಟು, ಆ ಬೈಗುಳ ಪೂರ್ತಿ ಮುಗಿಯುವವರೆಗೂ ಕೇಳುತ್ತಾ ಅಲ್ಲೇ ನಿಂತಿದ್ದ.